ಪ್ಯಾಟರ್ನ್ ಮೇಸ್ತ್ರಿಯ ಕೇರೆಹಾವು

ಚಂಪಾಬಾಯಿ ತುಪ್ಪ ಬಿಟ್ಟಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಂಬತ್ತು ದಾಟಿದ ಜೈನರ ಮುದುಕಿ, ಬೆಳಿಗ್ಗೆ ಬಸದಿಗೆ ಹೋಗಿ ಬಂದವಳು, “ಇವತ್ತಿನಿಂದ ನನಗ ತುಪ್ಪಾ ಬ್ಯಾಡ” ಅಂದರೆ ಅದರಲ್ಲಿ ಹೊಸದೇನಿದೆ? ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದಿಲ್ಲೊಂದನ್ನು ಆಗಾಗ ಬಿಡುವುದು ಆ ಮನೆಯ ಹಿರಿಯ ಹೆಂಗಸರಿಗೆ ರೂಢಿಯೇ. ಸೊಸೆ ಪೂನಮ್ ಅತ್ತೆಯ ತಾಟಿನಿಂದ ತುಪ್ಪದ ಬಟ್ಟಲು ತೆಗೆದಳು, ಮಗ ಅಜಿತಕುಮಾರ ಅದನ್ನು ತನ್ನ ರೊಟ್ಟಿಗೆ ಸುರುವಿಕೊಂಡ, ಅಲ್ಲಿಗೆ ಮಾತು ಮುಗಿಯಿತು. ಸ್ವಲ್ಪ ದಿನಕ್ಕೆ ಮುದುಕಿ ಬೆಲ್ಲ ಸಕ್ಕರೆ ಬಿಟ್ಟಳು. ಆಮೇಲೆ ಹಾಲು ಬಿಟ್ಟಳು. ಆಗ ಮಾತ್ರ ಅಜಿತಕುಮಾರನಿಗೆ ಅನುಮಾನ ಶುರುವಾಯಿತು, ಯಾಕೆಂದರೆ ಅವನು ಮನೆಗೆ ಹಾವು ತಂದದ್ದೂ ಅದೇ ದಿನಗಳಲ್ಲಿ.

ಹಾವು ಅಂದರೆ ಹರಿದಾಡುವ ಹಾವಲ್ಲ, ಅದರ ಅಸ್ಥಿಪಂಜರ. ಅದೂ ನಿಜವಾದ ಎಲುಬಲ್ಲ. ಪ್ಲಾಸ್ಟಿಕ್ ಎಳೆಯನ್ನು ಕಾಯಿಸಿ, ಪದರದ ಮೇಲೆ ಪದರ ಹಾಕುತ್ತ ಬೇಕಾದ ಆಕಾರ ಕಟ್ಟುವ ತ್ರೀಡಿ ಪ್ರಿಂಟರ್ ಯಂತ್ರವೊಂದು ಹಿಂದವಾಡಿಯ ಅವನ ಮನೆಯ ಮುಂದಿನ ಕೋಣೆಯಲ್ಲಿತ್ತು. ಅದರಲ್ಲಿ ಆರಡಿ ಉದ್ದದ ಒಂದು ಕೇರೆಹಾವಿನ ಎಲುಬುಗೂಡನ್ನು, ನೋಡಿದವರು ನಿಜವೆನ್ನುವ ಹಾಗೆ, ಮಾಡಿಕೊಡುತ್ತೇನೆಂದು ಅವನು ಒಪ್ಪಿಕೊಂಡಿದ್ದ.

ಒಪ್ಪಿಕೊಂಡದ್ದು ಯಾಕೆ ಎಂಬುದಕ್ಕೆ ಅವನ ಹಿಂದಿನದನ್ನು ಸ್ವಲ್ಪ ಹೇಳಬೇಕು. ಹತ್ತನೆಯ ಇಯತ್ತೆ ಮುಗಿಸಿ ಕಾರ್ಖಾನೆಗಳ ಉದ್ಯಮಬಾಗದಲ್ಲಿ ಒಬ್ಬ ಮರಾಠಿ ಮೇಸ್ತ್ರಿಯ ಕೈಕೆಳಗೆ ಉಳಿ ಹಿಡಿದವನು ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಕೆಳಗಿಡಲಿಲ್ಲ. ಅವನದು ಪ್ಯಾಟರ್ನ್ ಕೆಲಸ. ಪಂಪಿನದೋ ಮೋಟಾರಿನದೋ ಒಂದು ಭಾಗವನ್ನು ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರದ್ದೊಂದು ಸಾಗವಾನಿ ಮಾದರಿ ಬೇಕು. ಅದನ್ನು ಉಸುಕಿನಲ್ಲಿ ಒತ್ತಿ, ಮೆಲ್ಲಗೆ ಎತ್ತಿ, ಉಳಿದ ಗುಂಡಿಯೊಳಗೆ ಕಾದ ಕಬ್ಬಿಣ ಸುರಿಯುತ್ತಾರೆ. ಇದನ್ನು ಬರೀ ಬಡಿಗತನ ಅಂದವರ ಜೊತೆ ಅಜಿತಕುಮಾರ ಮಾತು ಬಿಟ್ಟದ್ದೂ ಉಂಟು. ಮಾದರಿಯ ಗೋಡೆಗಳಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡಬೇಕು, ಮೂಲೆಗಳನ್ನು ದುಂಡಗೆ ಮಾಡಬೇಕು, ಒಳಗೆ ಎಲ್ಲೂ ಬಾಗಿದ ಅಂಚಿನ ಕೊಕ್ಕೆ ಇರಕೂಡದು. ಇದ್ದರೆ ಎತ್ತುವಾಗ ಉಸುಕು ಕಿತ್ತುಕೊಂಡು ಬಂದು ಇಡೀ ಅಚ್ಚು ಹಾಳು. ಇನ್ನೊಂದು ಕಟ್ಟಳೆಯನ್ನು ಗುರು ಮೊದಲ ವಾರವೇ ಕಲಿಸಿದ್ದ: ಕೆಟ್ಟ ಪ್ಯಾಟರ್ನನ್ನು ಕೆಟ್ಟಿತು ಅಂತ ಗೊತ್ತಾದ ಕ್ಷಣವೇ ಮುರಿದು ಎಸೆಯಬೇಕು. ಇಟ್ಟುಕೊಂಡರೆ ಯಾರೋ ಒಬ್ಬ ಅವಸರದಲ್ಲಿ ಅದನ್ನೇ ಒಯ್ದು ಉಸುಕಿಗೆ ಒತ್ತುತ್ತಾನೆ, ಆಮೇಲೆ ನೂರು ಕೆಟ್ಟ ಎರಕ ಹೊರಬೀಳುತ್ತವೆ.

ಬರಬರುತ್ತ ಕಟ್ಟಿಗೆಯ ಪ್ಯಾಟರ್ನು ಕೇಳುವವರೇ ಇಲ್ಲವಾದರು. ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಅಜಿತಕುಮಾರ ಒಂದು ವರ್ಷ ಮನೆಯಲ್ಲಿ ಕುಳಿತು ಎಲ್ಲರ ಮೇಲೂ ಸಿಡುಕಿದ. ಐವತ್ತು ದಾಟಿದ ಮೇಲೆ, ಮೌಸ್ ಎಂಬ ಆ ದರಿದ್ರ ವಸ್ತುವನ್ನು ಬೈಯುತ್ತ ಬೈಯುತ್ತಲೇ, ಪರದೆಯ ಮೇಲೆ ಆಕಾರ ಕೆತ್ತುವುದನ್ನು ಕಲಿತ. ಪ್ರಿಂಟರ್ ಬಂತು. ಆದರೆ ಬಂದ ಕೆಲಸವೆಲ್ಲ ಬೇರೆಯವರು ಬರೆದ ನಕ್ಷೆಯನ್ನು ಹಾಗೇ ಪ್ರಿಂಟ್ ಮಾಡಿಕೊಡುವುದು. ಮಿಕ್ಸರಿನ ತಿರುಗಿಸುವ ಗುಬ್ಬಿ, ಪರದೆಯ ಕ್ಲಿಪ್ಪು ಇಂಥವು. ತಾನೇ ಮೊದಲಿನಿಂದ ಕೊನೆಯವರೆಗೆ ರೂಪಿಸಿದ ಒಂದು ವಸ್ತುವೂ ಆ ಯಂತ್ರದಿಂದ ಹೊರಬಂದಿರಲಿಲ್ಲ.

ಅಂಥ ಹೊತ್ತಿನಲ್ಲಿ ಬಸವಪ್ರಸಾದ ಮಾಸ್ತರರು ಬಂದರು. ಖಾನಾಪುರ ತಾಲೂಕಿನ ಪಾರಿಶ್ವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಇನ್ನೂ ನಲವತ್ತಾಗದ ಉತ್ಸಾಹಿ.

“ಕಾಕಾರ, ನಮ್ಮ ಊರಾಗ ಕೇರಿ ಹಾವು ಕಂಡ್ರ ಸಾಕ್ರಿ, ಕೋಲು ಬಡಿಗಿ ತಗೊಂಡು ಬೆನ್ನ ಹತ್ತತಾರ. ಇಲಿ ತಿಂದು ನಮ್ಮ ಜ್ವಾಳಾ ಉಳಸೂ ಹಾವು ಅದು. ಹುಡುಗ್ರಿಗೆ ಹೇಳಿ ಹೇಳಿ ಸಾಕಾಗೇತಿ. ಹಾವಿಗೆ ಎಲುಬ ಇರೂದಿಲ್ಲ, ಹಗ್ಗದಂಗ ಇರ್ತೈತಿ ಅಂತ ನನಗ ತಿರುಗಿ ವಾದಾ ಮಾಡ್ತಾವ. ಒಮ್ಮೆ ಕೈಯಾಗ ಹಿಡದು ನೋಡಿದ್ರ ಮನಸು ಬದಲಾದೀತು.”

“ಖರೇ ಎಲುಬ ಸಿಗೂದಿಲ್ಲೇನ್ರಿ ಸರ?”

“ಸಿಕ್ಕರೂ ಇಟಗೊಳ್ಳಾಕ ಕಾಯದೆ ಒಪ್ಪೂದಿಲ್ರಿ. ಅದಕ್ಕ ನಿಮ್ಮ ಕಡೆ ಬಂದೀನಿ.”

ಒಂದು ಕಾಲೇಜಿನ ಗಾಜಿನ ಕಪಾಟಿನಲ್ಲಿದ್ದ ಹಳೆಯ ಎಲುಬುಗೂಡನ್ನು ಎಲ್ಲ ಮಗ್ಗುಲಿನಿಂದ ತೆಗೆದ ಫೋಟೋಗಳನ್ನು ಮಾಸ್ತರರು ಮುಂದಿಟ್ಟರು. ಅಜಿತಕುಮಾರ ಕನ್ನಡಕ ಏರಿಸಿ ನೋಡಿದ. ತಲೆಯಿಂದ ಬಾಲದವರೆಗೆ ಮುನ್ನೂರರ ಸುಮಾರು ಬೆನ್ನೆಲುಬಿನ ಮಣಿಗಳು, ಬಾಲ ಬಿಟ್ಟು ಉಳಿದ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೊಂದು ಜೊತೆ ಪಕ್ಕೆಲುಬು. ಕುತ್ತಿಗೆಯ ಹತ್ತಿರ ಸಣ್ಣ, ನಡುವೆ ದೊಡ್ಡ, ಬಾಲದ ಕಡೆಗೆ ಮತ್ತೆ ಸಣ್ಣ. ಬಹಳ ದಿನಗಳ ಮೇಲೆ ಅವನ ಕೈ ತುರಿಸಿತು. ಆಯಿತು ಅಂದುಬಿಟ್ಟ.

ಮೊದಲ ಹಾವು ಪ್ರಿಂಟ್ ಆಗಿ ಬಂದಾಗ ಅದರ ಮಣಿಗಳು ಒಂದಕ್ಕೊಂದು ನಿಲ್ಲಲೇ ಇಲ್ಲ. ಜೋಡಿಸಿದರೆ ಜಾರಿದವು. ಅಂಟು ಹಾಕಿದ, ಹಾವು ಕೋಲಾಯಿತು. ಅಜಿತಕುಮಾರ ಹಲ್ಲು ಕಚ್ಚಿ, ಅದನ್ನು ಮೊಣಕಾಲ ಮೇಲಿಟ್ಟು ಟಕ್ಕನೆ ಮುರಿದು, ಕಸದ ಡಬ್ಬಿಗೆ ಹಾಕಿದ. ಎರಡನೆಯದರಲ್ಲಿ ಸಂದು ಬಿಗಿ ಮಾಡಿದ. ಮಣಿಗಳು ಕರಗಿ ಒಂದಕ್ಕೊಂದು ಮೆತ್ತಿಕೊಂಡೇ ಹೊರಬಂದವು. ಅದೂ ಮೊಣಕಾಲು ಕಂಡಿತು. ಮೂರನೆಯದು ನೋಡಲು ಚೆಂದವಿತ್ತು. ಮಾಸ್ತರರು ಶನಿವಾರ ಬಂದು ಅದರ ಬಾಯಿ ನೋಡಿ ಜೋರಾಗಿ ನಕ್ಕರು.

“ಕಾಕಾರ, ಕೆಳಗಿನ ದವಡಿ ಎರಡೂ ಕೂಡಿಸಿ ಬಿಟ್ಟೀರಲ್ರಿ. ಹಾವಿಗೆ ಗದ್ದದ ಹತ್ರ ಅವು ಕೂಡಿರೂದಿಲ್ಲ. ಕೂಡಿದ್ರ ಇಲಿ ನುಂಗೂದ ಹ್ಯಾಂಗ?”

ಎರಡು ತುಂಡು ಒಂದೆಡೆ ಸೇರಿದರೆ ಅದನ್ನು ಗಟ್ಟಿ ಮಾಡಬೇಕೆಂದೇ ಕಲಿತ ಕೈ ಅದು, ತಡೆಯಲಾಗಿರಲಿಲ್ಲ. ಮಾಸ್ತರರು ಓಣಿ ದಾಟುವುದರೊಳಗೆ ಮೂರನೆಯ ಹಾವೂ ತುಂಡಾಯಿತು. ಮರುದಿನ ಚಂಪಾಬಾಯಿ ಹಾಲು ಬಿಟ್ಟಳು.

ಈಗ ಅಜಿತಕುಮಾರ ಲೆಕ್ಕ ಹಾಕಿದ, ತಪ್ಪು ಲೆಕ್ಕ ಹಾಕಿದ. ಅವ್ವನಿಗೆ ಹಾವಿನ ಎಲುಬು ಮನೆಯಲ್ಲಿರುವುದು ಸೇರುತ್ತಿಲ್ಲ, ಬಾಯಿಬಿಟ್ಟು ಹೇಳದೆ ಹೀಗೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಅವಳು ದಿನಾ ಕೈಮುಗಿಯುವ ಪಾರ್ಶ್ವನಾಥ ಸ್ವಾಮಿಯ ತಲೆಯ ಮೇಲೆ ಹೆಡೆ ಹಿಡಿದು ಕಾಯ್ದದ್ದು ಹಾವಲ್ಲವೇ? ಹಾಗಾಗಿ ಅವನು ಪ್ರಿಂಟರನ್ನು ದೇವರಮನೆಯ ಗೋಡೆಯಿಂದ ದೂರ, ಮಹಡಿಯ ಮೇಲೆ ಸಾಗಿಸಿದ. ವ್ರತದ ದಿನಗಳಾದ ಅಷ್ಟಮಿ ಚತುರ್ದಶಿಗಳಂದು ಯಂತ್ರ ಬಂದ್ ಇಟ್ಟ. ಬಸದಿಯ ಪಂಡಿತರನ್ನು ಕೇಳಿ, ಪ್ಲಾಸ್ಟಿಕ್ಕಿನ ಎಲುಬಿಗೆ ಮೈಲಿಗೆ ಇಲ್ಲ ಅಂತ ಹೇಳಿಸಿಕೊಂಡು ಬಂದು ಅವ್ವನ ಮುಂದೆ ಒಪ್ಪಿಸಿದ.

“ಇದು ಎಲುಬಲ್ಲವ್ವಾ. ಗೋವಿನಜೋಳದ ಹಿಟ್ಟಿನಿಂದ ಮಾಡಿದ ಪ್ಲಾಸ್ಟಿಕ್. ಇದರಾಗ ಜೀವದ ಸಂಬಂಧನ ಇಲ್ಲ.”

“ಹೂಂ,” ಅಂದಳು ಚಂಪಾಬಾಯಿ, ಮತ್ತು ಸಪ್ಪನೆಯ ಗಂಜಿ ಕುಡಿದಳು.

ನಾಲ್ಕನೆಯ ಹಾವು ದವಡೆ ಸರಿಯಾಗಿ, ಅಳತೆ ಸರಿಯಾಗಿ ಬಂತು. ಆದರೆ ಎತ್ತಿ ಹಿಡಿದರೆ ನಡುವೆ ಕಳಚಿ ಎರಡಾಯಿತು. ಅಜಿತಕುಮಾರ ಮಹಡಿಯಿಂದ ಕೆಳಗೆ ಬಂದು, ಅಂಗಳದಲ್ಲಿ ನಿಂತು, ಅದನ್ನು ಎಂಟು ತುಂಡು ಮಾಡಿದ. ಅದರ ಮರುದಿನ ಮುದುಕಿ ಉಪ್ಪು ಬಿಟ್ಟಳು.

ತುಪ್ಪ ಬಿಟ್ಟರೆ ನಡೆಯುತ್ತದೆ, ಸಕ್ಕರೆ ಬಿಟ್ಟರೆ ಒಳ್ಳೆಯದೇ. ಆ ವಯಸ್ಸಿನಲ್ಲಿ ಉಪ್ಪು ಬಿಡುವುದು ಹುಡುಗಾಟವಲ್ಲ. ವಾರ ಕಳೆಯುವುದರೊಳಗೆ ಚಂಪಾಬಾಯಿಯ ಮಾತು ಸಣ್ಣಗಾಯಿತು, ಹೆಜ್ಜೆ ಅತ್ತಿತ್ತ ಆಯಿತು. ಒಂದು ಬೆಳಿಗ್ಗೆ ಬಸದಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕುಸಿದಳು. ಯಾರೋ ಹಿಡಿದುಕೊಂಡರು, ತಲೆಗೆ ಪೆಟ್ಟಾಗಲಿಲ್ಲ. ಡಾಕ್ಟರು ರಕ್ತ ತೆಗೆಸಿ ನೋಡಿ, ಮೈಯಲ್ಲಿ ಉಪ್ಪಿನ ಅಂಶ ಇಳಿದಿದೆ, ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಬೇಕು, ಆಮೇಲೆ ನನ್ನನ್ನು ಕೇಳಬೇಡಿ ಅಂದರು. ಅಪ್ಪ ತೀರಿಕೊಂಡಾಗಲೂ ಅಜಿತಕುಮಾರನಿಗೆ ಇಷ್ಟು ಭಯವಾಗಿರಲಿಲ್ಲ.

“ಆ ಹಾವು ದೊಡ್ಡದೋ, ಅತ್ತಿ ದೊಡ್ಡಾವ್ರೋ ನೀವ ಹೇಳ್ರಿ,” ಎಂದಳು ಪೂನಮ್. ಗಂಡನಿಗೆ ಎದುರಾಡುವವಳಲ್ಲ, ಅವತ್ತು ಮಾತ್ರ ಲಟ್ಟಣಿಗೆ ಕೆಳಗಿಟ್ಟು ನೇರವಾಗಿ ಕೇಳಿದಳು.

ಅದಕ್ಕೆ ಉತ್ತರ ಹುಡುಕಬೇಕಾಗಿರಲಿಲ್ಲ. ಅಜಿತಕುಮಾರ ಪಡಸಾಲೆಗೆ ಹೋದ. ಚಂಪಾಬಾಯಿ ಗೋಡೆಗೆ ಒರಗಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹರಳು ಆರಿಸುವ ಬೆರಳು ಮೊದಲಿನ ಹಾಗೆ ಓಡುತ್ತಿರಲಿಲ್ಲ.

“ಅವ್ವಾ, ಆ ಹಾವಿನ ಕೆಲಸಾ ಬಿಟ್ಟೀನಿ. ಮಾಸ್ತರಗ ಈಗ ಫೋನ್ ಮಾಡಿ ಹೇಳ್ತೀನಿ. ಇನ್ನರ ಉಪ್ಪು ತಗೋ.”

“ಯಾಕ ಬಿಟ್ಟಿ?”

“ನಿನಗ ಸೇರೂದಿಲ್ಲಲ್ಲ, ಅದಕ್ಕ.”

“ನನಗ ಸೇರೂದಿಲ್ಲ ಅಂತ ಯಾರ ಹೇಳಿದ್ರು?”

“ಮನ್ಯಾಗ ಹಾವಿನ ಎಲುಬ ಐತಿ ಅಂತ...”

“ಎಲುಬ ನನ್ನ ಮೈಯಾಗೂ ಅದಾವ, ನಿನ್ನ ಮೈಯಾಗೂ ಅದಾವ. ಎಲುಬಿಗೆ ನಾ ಯಾಕ ಅಂಜಲಿ?” ಮುದುಕಿ ಮೊರ ಕೆಳಗಿಟ್ಟಳು. “ನೀ ಮುರದೀಯಲ್ಲೋ ತಮ್ಮಾ.”

ಮುದುಕಿ ಅವನ ಮೊಣಕಾಲಿನ ಕಡೆ ಬೆರಳು ಮಾಡಿದಳು.

“ತಲಿ ಮಾಡಿದಿ, ಬಾಯಿ ಮಾಡಿದಿ, ಬಾಲಾ ಮಾಡಿದಿ. ಇದು ಹಾವು ಅಂತ ನೀನ ಮನಸಿನ್ಯಾಗ ತಂದ್ಕೊಂಡು ಮಾಡಿದಿ. ಆಮ್ಯಾಲ ಮೊಣಕಾಲ ಮ್ಯಾಲ ಇಟ್ಟು ಟಕ್ ಅಂತ ಮುರದಿ. ನಾ ಬಾಗಲದಾಗ ನಿಂತು ನೋಡೀನಿ. ಹಬ್ಬಕ್ಕ ಸಕ್ಕರಿ ಆನಿ, ಸಕ್ಕರಿ ಕುದುರಿ ಎಲ್ಲಾರ ಮನ್ಯಾಗ ತರ್ತಾರ. ನಮ್ಮ ಮನ್ಯಾಗ ಯಾಕ ತರೂದಿಲ್ಲ, ಗೊತ್ತಿಲ್ಲೇನು?”

ಗೊತ್ತಿತ್ತು. ಆ ಮನೆಗೆ ಹೂವಿನಾಕಾರದ ಸಕ್ಕರೆ ಅಚ್ಚು ಬರುತ್ತಿತ್ತು, ಗೋಪುರದಾಕಾರದ್ದು ಬರುತ್ತಿತ್ತು, ಪ್ರಾಣಿಯ ಆಕಾರದ್ದು ಮಾತ್ರ ಯಾವತ್ತೂ ಹೊಸ್ತಿಲು ದಾಟಲಿಲ್ಲ. ಪ್ರಾಣಿಯೆಂದು ಮನಸ್ಸಿನಲ್ಲಿ ಮಾಡಿಕೊಂಡು ಅದನ್ನು ಕಚ್ಚಿದರೂ ಮುರಿದರೂ ಕೈಗೆ ರಕ್ತ ಹತ್ತದಿರಬಹುದು, ಮನಸ್ಸಿಗೆ ಹತ್ತುತ್ತದೆ ಎಂದು ಚಿಕ್ಕಂದಿನಲ್ಲಿ ಅವನಿಗೆ ಇದೇ ಅವ್ವ ಹೇಳಿಕೊಟ್ಟಿದ್ದಳು. ಸಕ್ಕರೆಗೆ ಅನ್ವಯಿಸುವುದು ಪ್ಲಾಸ್ಟಿಕ್ಕಿಗೂ ಅನ್ವಯಿಸುತ್ತದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಕೆಟ್ಟ ಪ್ಯಾಟರ್ನು ಮುರಿಯುವುದು ಅವನಿಗೆ ಕೈ ತೊಳೆದಷ್ಟೇ ಸಹಜವಾಗಿತ್ತು.

“ಅಷ್ಟ ಸಿಟ್ಟ ಬಂದಿತ್ತಂದ್ರ ನನಗ ಎರಡ ಮಾತ ಬೈಬೇಕಿತ್ತಲ್ಲವ್ವಾ. ಊಟಾ ಯಾಕ ಬಿಟ್ಟಿ?”

“ಸಿಟ್ಟಿಗೆ ಯಾರರ ನಿಯಮಾ ಹಿಡೀತಾರೇನು? ನೀ ಒಂದ ಮುರದಿ, ನಾ ಒಂದ ಬಿಟ್ಟೆ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಹಾವಿಗೆ ತುಪ್ಪ, ಒಂದಕ್ಕೆ ಸಕ್ಕರೆ, ಒಂದಕ್ಕೆ ಹಾಲು. ಎಂಟು ತುಂಡು ಮಾಡಿದ್ದಕ್ಕೆ ಉಪ್ಪು. ತನಗೆ ಶಿಕ್ಷೆ ಕೊಡುತ್ತಿದ್ದಾಳೆಂದು ಅವನು ಒಳಗೊಳಗೇ ಕುದಿಯುತ್ತಿದ್ದಾಗ, ಮುದುಕಿ ಅವನ ಪಾಲಿನ ದಂಡವನ್ನು ತಾನು ಕಟ್ಟುತ್ತಿದ್ದಳು. ಅವನು ಅವಳ ಪಕ್ಕದಲ್ಲಿ ಕುಕ್ಕರಿಸಿದ.

“ಒಬ್ಬರ ಕರ್ಮಾ ಇನ್ನೊಬ್ಬರು ತೊಳಿಯಾಕ ಬರೂದಿಲ್ಲ ಅಂತ ನೀನ ಕಲಿಸಿದಿಯಲ್ಲವ್ವಾ.”

“ಬರೂದಿಲ್ಲ. ನನಗ ಗೊತ್ತಿಲ್ಲೇನು?” ಚಂಪಾಬಾಯಿ ಮತ್ತೆ ಮೊರ ಎತ್ತಿಕೊಂಡಳು. “ಗೊತ್ತಿದ್ದೂ ಬಿಟ್ಟೀನಿ. ಹಡದೀನಿ, ಏನ್ ಮಾಡಲಿ?”

ಅಜಿತಕುಮಾರ ಅವಳ ಮೊಣಕಾಲಿನ ಮೇಲೆ ಹಣೆ ಇಟ್ಟು ಅತ್ತ. ಮುದುಕಿ ಜೋಳದ ಧೂಳು ಹತ್ತಿದ ಕೈಯಿಂದಲೇ ಅವನ ತಲೆ ಸವರಿದಳು. ಆಮೇಲೆ, ಅಳು ಸಾಕು ಅನ್ನುವ ದನಿಯಲ್ಲಿ, ಮುಂದಿನದನ್ನು ಹೇಳಿದಳು.

“ಮಾಸ್ತರಗ ಇಲ್ಲ ಅನ್ನಬ್ಯಾಡ. ಅರ್ಧಕ್ಕ ಬಿಟ್ಟರ ಅದೂ ಮುರದಂಗ ಆತು. ಒಂದ ಹಾವು ಪೂರಾ ಮಾಡು. ಮುರೀಲಾರದ್ದು ಒಂದು. ಅದು ಹೋಗಿ ಆ ಹುಡುಗ್ರ ಕೈ ಸೇರಲಿ. ಅದನ್ನ ನೋಡಿ ನಾಳೆ ಎರಡ ಕೇರಿ ಹಾವು ಜೀವಾ ಉಳಕೊಂಡ್ರ ನನಗ ಸಾಕು. ಹಾವು ಅವರ ಕೈ ಸೇರಿದ ದಿನಾ ಉಪ್ಪು ತಗೋತೀನಿ.”

“ಅಲ್ಲೀತನಕ?”

“ಅಲ್ಲೀತನಕ ಇಲ್ಲ.”

ಪೂನಮ್ ಅಡಿಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅತ್ತೆಯ ಹಟ ಅವಳಿಗೆ ಮಗನಿಗಿಂತ ಚೆನ್ನಾಗಿ ಗೊತ್ತು. ಬೇಡಿಕೊಳ್ಳುವುದರಲ್ಲಿ ಹೊತ್ತು ಕಳೆಯದೆ, ಸಿಕ್ಕಾಗಲೆಲ್ಲ ಎಳನೀರು ಕುಡಿಸತೊಡಗಿದಳು, ಗಂಡನಿಗೆ ಮಹಡಿಯ ಮೆಟ್ಟಿಲು ತೋರಿಸಿದಳು.

ಇನ್ನು ಒಂದು ತಪ್ಪಿಗೂ ಜಾಗವಿರಲಿಲ್ಲ. ಮುರಿಯುವ ಹಾಗಿಲ್ಲ ಅಂದಮೇಲೆ, ಮಾಡಿ ನೋಡೋಣ ಅನ್ನುವ ಹಾಗೂ ಇಲ್ಲ. ಅಜಿತಕುಮಾರ ಯಂತ್ರ ಚಾಲೂ ಮಾಡಲಿಲ್ಲ. ಮೇಜಿನ ಮೂಲೆಯಲ್ಲಿ ಉಳಿದಿದ್ದ ಎರಡು ಬಿಡಿ ಮಣಿಗಳನ್ನು ಅಂಗೈಯಲ್ಲಿಟ್ಟುಕೊಂಡು, ಫೋಟೋಗಳನ್ನು ದೊಡ್ಡದು ಮಾಡಿಕೊಂಡು, ಸುಮ್ಮನೆ ನೋಡುತ್ತ ಕುಳಿತ. ಸಾಗವಾನಿ ಕೆಲಸದಲ್ಲಿ ಉಳಿ ಇಡುವ ಮೊದಲು ಹೀಗೇ ಕುಳಿತುಕೊಳ್ಳುತ್ತಿದ್ದ. ಕಂಪ್ಯೂಟರ್ ಬಂದಮೇಲೆ ಆ ಕೂರುವಿಕೆಯೇ ತಪ್ಪಿಹೋಗಿತ್ತು.

ನಿಜವಾದ ಮಣಿಯ ಮುಂಭಾಗದಲ್ಲಿ ಬೆಣೆಯಂಥ ಒಂದು ಸಣ್ಣ ಚಾಚು ಇತ್ತು. ಅದರ ಮುಂದಿನ ಮಣಿಯ ಹಿಂಭಾಗದಲ್ಲಿ ಆ ಬೆಣೆ ಹೋಗಿ ಕೂರುವ ಪೊಟರೆ, ಪೊಟರೆಯ ಬಾಯಿಗೆ ಒಳಕ್ಕೆ ಬಾಗಿದ ಅಂಚು. ಈ ಅಂಚನ್ನು ಅವನು ಮೊದಲೂ ನೋಡಿದ್ದ. ಫೋಟೋ ಸರಿ ಬಂದಿಲ್ಲವೆಂದುಕೊಂಡು ನುಣ್ಣಗೆ ಇಳಿಜಾರು ಕೊಟ್ಟಿದ್ದ. ನಾಲ್ಕು ಹಾವಿಗೂ ಕೊಟ್ಟಿದ್ದ, ಎಲ್ಲ ಮಣಿಗೂ ಕೊಟ್ಟಿದ್ದ. ಒಳಗೆ ಕೊಕ್ಕೆ ಇರಕೂಡದು, ಇದ್ದರೆ ಉಸುಕು ಕಿತ್ತು ಬರುತ್ತದೆ. ಎಲ್ಲಿಯ ಉಸುಕು? ಮಹಡಿಯ ಮೇಲೆ ಒಂದು ಚಮಚ ಉಸುಕಿರಲಿಲ್ಲ.

ಅಜಿತಕುಮಾರ ಒಬ್ಬನೇ ನಗತೊಡಗಿದ. ಪೂನಮ್ ಗಾಬರಿಯಾಗಿ ಮೇಲೆ ಬಂದಳು.

“ಏನಾತ್ರಿ?”

“ಇಷ್ಟ ವರ್ಷ ಉಸಕಿಗೆ ಅಂಜಿ ಅಂಜಿ ಕೆಲಸಾ ಮಾಡೀನಿ, ನೋಡು. ಹಾವು ಉಸಕಿನ್ಯಾಗ ಎರಕಾ ಹೊಯ್ದದ್ದಲ್ಲ. ಅದಕ್ಕ ಕೊಕ್ಕಿ ಬೇಕು. ಕೊಕ್ಕಿ ಇಲ್ಲದ ಅದು ನಿಲ್ಲೂದಿಲ್ಲ, ಬಾಗೂದೂ ಇಲ್ಲ.”

ಪೂನಮ್‌ಗೆ ಅಷ್ಟಾಗಿ ತಿಳಿಯಲಿಲ್ಲ. ಆದರೆ ಗಂಡನ ಮುಖ ತಿಂಗಳ ನಂತರ ಮೊದಲಿನ ಹಾಗೆ ಕಂಡಿತು, ಅವಳಿಗೆ ಅಷ್ಟು ಸಾಕಾಯಿತು.

ಅವನು ಮೊದಲು ಎರಡೇ ಎರಡು ಮಣಿಗಳನ್ನು ಪ್ರಿಂಟ್ ಮಾಡಿದ. ಒಂದರೊಳಗೊಂದು ಕೂತವು. ಅಡ್ಡಡ್ಡ ಬಾಗಿದವು, ಎಳೆದರೆ ಬಿಡಲಿಲ್ಲ. ತಿರುಚಿದರೆ ಒಂದು ಮಿತಿಯವರೆಗೆ ತಿರುಗಿ ನಿಂತವು. ಹಾವು ತನ್ನ ಬೆನ್ನನ್ನು ತಾನೇ ತಿರುಚಿಕೊಂಡು ಸಾಯದಿರುವುದು ಯಾಕೆಂದು ಅವನಿಗೆ ಆ ಎರಡು ತುಂಡು ಪ್ಲಾಸ್ಟಿಕ್ಕು ತೋರಿಸಿಕೊಟ್ಟವು. ಪಕ್ಕೆಲುಬುಗಳ ಬುಡವನ್ನು ನಿಜದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ ಮಾಡಿದ. ಹುಡುಗರ ಕೈ ಹುಡುಗರ ಕೈಯೇ ತಾನೆ. ದವಡೆಗಳನ್ನು ಬಿಡಿಬಿಡಿಯಾಗಿಟ್ಟು ನಡುವೆ ಸಣ್ಣ ರಬ್ಬರಿನ ಎಳೆ ಹಾಕಿದ. ಬೆನ್ನುಹುರಿ ಹಾಯುವ ರಂಧ್ರದಲ್ಲಿ ನೈಲಾನ್ ದಾರ ಪೋಣಿಸಿದ. ಪ್ರತಿಯೊಂದು ಮಣಿ ಹೊರಬಂದ ಹಾಗೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸಡಿಲವಿಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದಿನದಕ್ಕೆ ಹೋದ.

ಹಾವು ಪೂರ್ತಿಯಾದ ಮಧ್ಯಾಹ್ನ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಳಗೆ ಬಂದ. ಅದು ಅವನ ಮುಂಗೈ ಮೇಲೆ ತನ್ನಷ್ಟಕ್ಕೆ ಬಳುಕಿ ಇಳಿಬಿತ್ತು. ಪೂನಮ್ ಎರಡು ಹೆಜ್ಜೆ ಹಿಂದೆ ಸರಿದಳು. ಚಂಪಾಬಾಯಿ ಕಣ್ಣು ಕಿರಿದು ಮಾಡಿ ತಲೆಯಿಂದ ಬಾಲದವರೆಗೆ ನೋಡಿದಳು.

“ಸಾಲಿಗೆ ಯಾವಾಗ ಒಯ್ಯೂದು?”

“ನಾಳೆನ ಒಯ್ತೀನಿ.”

“ನಾನೂ ಬರ್ತೀನಿ.”

ಬೇಡವೆಂದರೆ ಕೇಳುವ ಪೈಕಿ ಅಲ್ಲ. ಮರುದಿನ ಬೆಳಿಗ್ಗೆ ಹಳೆಯ ಮಾರುತಿ ವ್ಯಾನಿನ ಮುಂದಿನ ಸೀಟಿನಲ್ಲಿ ಚಂಪಾಬಾಯಿ ಕುಳಿತಳು. ತೊಡೆಯ ಮೇಲೆ ಅಗಲವಾದ ಬಿದಿರು ಬುಟ್ಟಿ, ಬುಟ್ಟಿಯಲ್ಲಿ ತನ್ನದೊಂದು ಹಳೆಯ ಮೆತ್ತನೆ ಸೀರೆ, ಸೀರೆಯ ಮೇಲೆ ಸುರುಳಿ ಸುತ್ತಿದ ಹಾವು. ಕಾಲ ಬಳಿ ಪೂನಮ್ ಕಟ್ಟಿಕೊಟ್ಟ ಬುತ್ತಿ, ಅದೂ ಉಪ್ಪಿಲ್ಲದ್ದು. ಹೊರಗಿನ ನೀರನ್ನೂ ಮುಟ್ಟದ ಮುದುಕಿ ಅವಳು. ದೇಸೂರ ದಾಟುವವರೆಗೂ ಅಜಿತಕುಮಾರ ಪ್ರತಿ ತಗ್ಗಿಗೂ ಗಾಡಿ ನಿಧಾನ ಮಾಡಿ, ಒಮ್ಮೆ ಬುಟ್ಟಿಯನ್ನು, ಒಮ್ಮೆ ಅವ್ವನ ಮುಖವನ್ನು ನೋಡುತ್ತಿದ್ದ. ಯಾವುದು ಮೊದಲು ಕುಸಿಯುತ್ತದೋ ಎಂಬ ಹೆದರಿಕೆ ಅವನಿಗೆ. ಖಾನಾಪುರದ ಪೇಟೆಯಲ್ಲಿ ಗಾಡಿಗಳ ಸಾಲು ನಿಂತಾಗ ಹೂ ಮಾರುವವಳೊಬ್ಬಳು ಕಿಟಕಿಯೊಳಗೆ ಬಗ್ಗಿ ಕೇಳಿದಳು.

“ಆಯೀ, ಬುಟ್ಟ್ಯಾಗ ಏನ್ ಐತ್ರಿ?”

“ಹಾವು,” ಎಂದಳು ಚಂಪಾಬಾಯಿ.

“ಅಗ ಬಾಯಿ,” ಅನ್ನುತ್ತ ಅವಳು ಹೂವಿನ ಬುಟ್ಟಿ ಸಮೇತ ರಸ್ತೆಯ ಆಚೆ ಬದಿಗೆ ಹೋದಳು. ಬಹಳ ದಿನಗಳ ಮೇಲೆ ಮುದುಕಿ ನಕ್ಕದ್ದನ್ನು ಅಜಿತಕುಮಾರ ನೋಡಿದ.

ಪಾರಿಶ್ವಾಡದ ಶಾಲೆಯಲ್ಲಿ ಮಾಸ್ತರರು ಎಂಟನೆಯ ತರಗತಿಯವರನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಾವನ್ನು ಮೇಜಿನ ಮೇಲೆ ಬಿಟ್ಟಾಗ ಮೊದಲು ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಸಮೃದ್ಧಿ ಎಂಬ ಹುಡುಗಿ ಬಂದು ಬಾಲದ ತುದಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಅದು ಆಚೆ ಬಾಗಿತು.

“ಇದಕ್ಕ ಇಷ್ಟ ಎಲುಬ ಅದಾವೇನ್ರಿ ಸರ?”

“ಎಣಸು,” ಎಂದರು ಮಾಸ್ತರರು.

ಅಷ್ಟಾಗಿದ್ದೇ ತಡ, ಎಲ್ಲರೂ ಮುಗಿಬಿದ್ದರು. ಹಾವು ಕೈಯಿಂದ ಕೈಗೆ ಹೋಯಿತು. ಬಾಯಿ ಅಗಲಿಸಿ ನೋಡಿದರು, ಪಕ್ಕೆಲುಬಿನ ಮೇಲೆ ಉಗುರು ಎಳೆದು ಸದ್ದು ಮಾಡಿದರು, ಒಬ್ಬ ಕೊರಳಿಗೂ ಹಾಕಿಕೊಂಡ. ಮಾಸ್ತರರು ಇಲಿ ನುಂಗುವ ದವಡೆಯ ಕಥೆ ಹೇಳುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತಿದ್ದ ಚಂಪಾಬಾಯಿಯ ಹತ್ತಿರ ಬಂದು ಒಬ್ಬ ಹುಡುಗ ಕೇಳಿದ.

“ಅಜ್ಜೀ, ಇದು ಸತ್ತ ಹಾವೇನ್ರಿ?”

“ಇದು ಹುಟ್ಟೇ ಇಲ್ಲ, ಸಾಯೂದ ಎಲ್ಲಿಂದ?”

ಆ ಮಾತು ಮುಗಿಯುವುದರೊಳಗೆ ಅದು ಆಯಿತು. ಇಬ್ಬರು ಎರಡೂ ಕಡೆಯಿಂದ ಎಳೆದಾಡಿ, ಇಬ್ಬರೂ ಒಟ್ಟಿಗೆ ಕೈಬಿಟ್ಟರು. ಹಾವು ಕಲ್ಲು ಹಾಸಿನ ನೆಲಕ್ಕೆ ಬಡಿದ ಸದ್ದಿಗೆ ಎಲ್ಲರೂ ಹಿಂದೆ ಸರಿದರು. ಒಂದು ಪಕ್ಕೆಲುಬು ಹೋಗಿದ್ದರೂ ಸಾಕು, ಇನ್ನೊಂದು ಹಾವು ಮುಗಿಯುವವರೆಗೆ ಅವ್ವನ ಮೈ ತಡೆಯುವುದಿಲ್ಲ. ಬಗ್ಗಿ ಎತ್ತಿಕೊಳ್ಳುವ ಧೈರ್ಯ ಅಜಿತಕುಮಾರನಿಗೆ ಬರಲಿಲ್ಲ.

“ಇಲ್ಲಿ ಕೊಡ್ರಿ,” ಎಂದಳು ಚಂಪಾಬಾಯಿ.

ಸಮೃದ್ಧಿ ಎತ್ತಿ ತಂದು ಅವಳ ತೊಡೆಯ ಮೇಲೆ ಇಟ್ಟಳು. ಮುದುಕಿ ಕನ್ನಡಕ ತೆಗೆದು, ಕಣ್ಣಿಗಿಂತ ಬೆರಳನ್ನೇ ನಂಬಿ, ತಲೆಯಿಂದ ಶುರುಮಾಡಿದಳು. ದವಡೆ, ಕುತ್ತಿಗೆ, ಒಂದೊಂದೇ ಮಣಿ, ಎಡದ ಪಕ್ಕೆಲುಬು, ಬಲದ ಪಕ್ಕೆಲುಬು. ಅವಸರವಿಲ್ಲ. ಕೈಬಿಟ್ಟ ಇಬ್ಬರು ಹುಡುಗರು ಅಳುವ ಮುಖ ಮಾಡಿಕೊಂಡು ನಿಂತಿದ್ದರು. ಬಾಲದ ತುದಿಗೆ ಬಂದು ಮುದುಕಿಯ ಬೆರಳು ನಿಂತಿತು.

“ಏನೂ ಆಗಿಲ್ಲ. ತಗೊಂಡ ಹೋಗ್ರಿ, ಆಡ್ರಿ.”

ಹುಡುಗರು ಮತ್ತೆ ಗದ್ದಲ ಶುರುಮಾಡಿದರು. ಅಜಿತಕುಮಾರ ಕಂಬಕ್ಕೆ ಒರಗಿ ನಿಂತುಕೊಂಡ.

ಊಟದ ಗಂಟೆ ಹೊಡೆಯಿತು. ಬಿಸಿಯೂಟದ ಅಡಿಗೆಯ ಚಂದ್ರವ್ವ ಪಡಸಾಲೆಯ ಆಚೆ ತುದಿಯಲ್ಲಿ ಅನ್ನದ ಪಾತ್ರೆ ತಂದಿಟ್ಟು ಹುಡುಗರನ್ನು ಸಾಲಾಗಿ ಕೂರಿಸುತ್ತಿದ್ದಳು. ಚಂಪಾಬಾಯಿ ತನ್ನ ಬುತ್ತಿ ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ತಲೆ ಎತ್ತಿ, ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, ಕರೆದಳು.

“ತಂಗೀ, ಒಂದ ಚಿಟಿಕಿ ಉಪ್ಪ ಕೊಡವ್ವಾ.”

ಚಂದ್ರವ್ವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಡಬ್ಬಿಯಿಂದ ಉಪ್ಪು ತಂದು ರೊಟ್ಟಿಯ ಅಂಚಿಗೆ ಇಟ್ಟು, ಇನ್ನೂ ಬೇಕೇನ್ರಿ ಆಯಿ ಎಂದು ಕೇಳಿ, ತನ್ನ ಕೆಲಸಕ್ಕೆ ಹೋದಳು. ಮುದುಕಿ ರೊಟ್ಟಿಯನ್ನು ಉಪ್ಪಿಗೆ ಮುಟ್ಟಿಸಿ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು.

ಅಜಿತಕುಮಾರ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ. ತೊಳೆದಷ್ಟೂ ಮುಖ ಮತ್ತೆ ಒದ್ದೆಯಾಗುತ್ತಿತ್ತು. ಕೊನೆಗೆ ಹಾಗೆಯೇ ಫೋನ್ ತೆಗೆದು ಮನೆಗೆ ಹಚ್ಚಿದ.

“ಪೂನಮ್, ಅವ್ವ ಉಪ್ಪ ಕೇಳಿದ್ಲು. ಉಣ್ಣಾಕ ಹತ್ಯಾಳ.”

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು, ಆಮೇಲೆ ಪಾತ್ರೆ ಕೆಳಗಿಟ್ಟ ಸದ್ದು.

“ಹೊತ್ತ ಮುಳಗೂದರೊಳಗ ಊಟಕ್ಕ ಬರ್ತೀರಲ್ಲ? ಅತ್ತಿಗೆ ಏನ್ ಮಾಡ್ಲಿ?”

“ಏನರ ಮಾಡು,” ಎಂದ ಅಜಿತಕುಮಾರ. “ಉಪ್ಪ ಹಾಕಿ ಮಾಡು.”